ಸೆಪ್ಟೆಂಬರ್ 17ಕ್ಕೆ ಎಷ್ಟು ಹೆಸರು?

ನನಗೆ ಕೊಟ್ಟಿರೋ ವಿಷಯ ದೇಶಪ್ರೇಮ. ಅಷ್ಟು ದೊಡ್ಡ ಪದವನ್ನ ಹದಿನೈದು ನಿಮಿಷದಲ್ಲಿ ಎತ್ತೋದು ನನ್ನ ಕೈಲಿ ಆಗೋ ಕೆಲಸ ಅಲ್ಲ. ಹಾಗಾಗಿ ಒಂದೇ ಒಂದು ತಾರೀಕು ಹಿಡ್ಕೊಂಡು ಮಾತಾಡ್ತೀನಿ. ಸೆಪ್ಟೆಂಬರ್ 17.

ಬೆಂಗಳೂರು, ಮೈಸೂರು, ಮಂಗಳೂರು ಕಡೆಯವರಿಗೆ ಇದು ಅಷ್ಟೇನೂ ವಿಶೇಷದ ದಿನ ಅಲ್ಲ. ವಿಶ್ವಕರ್ಮ ಪೂಜೆ, ಪ್ರಧಾನಿಯವರ ಹುಟ್ಟುಹಬ್ಬ, ಅಷ್ಟೇ. ಆದರೆ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳದವರನ್ನ ಕೇಳಿ ನೋಡಿ. ನಮ್ಮ ಶಾಲೆಗಳಲ್ಲಿ ಆಗಸ್ಟ್ 15ಕ್ಕೆ ಒಂದು ಸಲ ಬಾವುಟ ಏರುತ್ತೆ, ಒಂದು ತಿಂಗಳು ಬಿಟ್ಟು ಇನ್ನೊಂದು ಸಲ ಏರುತ್ತೆ. ಎರಡು ಸಲ ಪೇಢೆ. ಚಿಕ್ಕವರಿದ್ದಾಗ ನಮಗೆ ಗೊತ್ತಿದ್ದ ಇತಿಹಾಸ ಅಷ್ಟೇ. ಉಳಿದ ಕರ್ನಾಟಕಕ್ಕೆ ಒಂದು ಪೇಢೆ, ನಮಗೆ ಎರಡು.

ನಾನು ಬೀದರ್ ಜಿಲ್ಲೆಯವನು. ಹೈದರಾಬಾದ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ದವಾಖಾನೆ, ಮದುವೆ ಬಟ್ಟೆ, ನೌಕರಿ ಎಲ್ಲಕ್ಕೂ ಇಲ್ಲಿಗೇ ಬರೋದು. ಹಾಗಾಗಿ ಇಲ್ಲಿ ನನಗೆ ಪೂರ್ತಿ ಪರದೇಶಿ ಅನ್ನಿಸೋದಿಲ್ಲ. ನಮ್ಮ ಮುತ್ಯಾನ ಕಾಲಕ್ಕೆ ಇದೇ ರಾಜಧಾನಿ ಅಲ್ವಾ.

ಗೊತ್ತಿಲ್ಲದವರಿಗೆ ಇತಿಹಾಸ ಬೇಗ ಹೇಳಿ ಮುಗಿಸ್ತೀನಿ. 1947ರ ಆಗಸ್ಟ್ 15ರಂದು ನಮ್ಮ ಜಿಲ್ಲೆಗಳು ಭಾರತದಲ್ಲಿ ಇರಲಿಲ್ಲ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಒಕ್ಕೂಟ ಸೇರೋದಿಲ್ಲ ಅಂದಿದ್ದ. ಅವತ್ತು ತ್ರಿವರ್ಣ ಧ್ವಜ ಹಾರಿಸೋದು ಹೈದರಾಬಾದ್ ಸಂಸ್ಥಾನದಲ್ಲಿ ಅಪರಾಧ. ಸ್ಟೇಟ್ ಕಾಂಗ್ರೆಸ್ಸಿನ ಸ್ವಾಮಿ ರಮಾನಂದ ತೀರ್ಥರು ಅವತ್ತೇ ಜೈಲಿಗೆ ಹೋದರು. ಆಮೇಲಿನ ಒಂದು ವರ್ಷ ಕಾಸಿಂ ರಜ್ವಿಯ ರಜಾಕಾರರದ್ದು. ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ 1948ರ ಮೇನಲ್ಲಿ ನಡೆದ ಹತ್ಯೆ ಇವತ್ತಿಗೂ ನಮ್ಮ ಕಡೆ ಜನರ ಬಾಯಲ್ಲಿದೆ. ಎಷ್ಟೋ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದವು. ರಾಯಚೂರು, ಕೊಪ್ಪಳ ಸೀಮೆಯ ಹೋರಾಟಗಾರರು ಮುಂಡರಗಿಯಲ್ಲಿ ಶಿಬಿರ ಹೂಡಿ ಹೋರಾಡಿದರು. ಕೊನೆಗೆ 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು. 17ಕ್ಕೆ ನಿಜಾಮ ಕೈಚೆಲ್ಲಿದ. ಐದು ದಿನದಲ್ಲಿ ಮುಗೀತು. ಇದು ಪಠ್ಯಪುಸ್ತಕದ ಕತೆ, ಮತ್ತು ಇದರಲ್ಲಿ ಸುಳ್ಳೇನೂ ಇಲ್ಲ.

ಈಗ ಆ ದಿನಕ್ಕೆ ಇಟ್ಟಿರೋ ಹೆಸರುಗಳನ್ನ ನೋಡಿ. ಕಲಬುರಗಿಯಲ್ಲಿ ಅದು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಆಗಿತ್ತು, 2019ರಲ್ಲಿ ಪ್ರದೇಶದ ಹೆಸರೇ ಬದಲಾಗಿ ಕಲ್ಯಾಣ ಕರ್ನಾಟಕ ಉತ್ಸವ ಆಯ್ತು. ಔರಂಗಾಬಾದ್ ಕಡೆ ಹೋದರೆ ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಹೈದರಾಬಾದ್‌ಗೆ ಬಂದರೆ ಮುಗೀತು ಕತೆ. ಇಲ್ಲಿ ಎಷ್ಟೋ ವರ್ಷ ಸರ್ಕಾರ ಆ ದಿನವನ್ನ ಆಚರಿಸಲೇ ಇಲ್ಲ. 2022ರಲ್ಲಿ ಒಂದೇ ದಿನ, ಒಂದೇ ಊರಲ್ಲಿ, ರಾಜ್ಯ ಸರ್ಕಾರ ರಾಷ್ಟ್ರೀಯ ಏಕೀಕರಣದ ದಿನ ಅಂತ ಬಾವುಟ ಹಾರಿಸಿತು. ಕೇಂದ್ರ ಸರ್ಕಾರ ಸಿಕಂದರಾಬಾದ್‌ನ ಪರೇಡ್ ಗ್ರೌಂಡ್‌ನಲ್ಲಿ ವಿಮೋಚನಾ ದಿನ ಅಂತ ಹಾರಿಸಿತು. 2024ರಲ್ಲಿ ಹೊಸ ಸರ್ಕಾರ ಬಂದು ಪ್ರಜಾ ಪಾಲನಾ ದಿನೋತ್ಸವ ಅಂದಿತು. ಕಮ್ಯುನಿಸ್ಟರಿಗೆ ಅದು ತೆಲಂಗಾಣ ಸಶಸ್ತ್ರ ರೈತ ಹೋರಾಟದ ನೆನಪು. ನಾವು ಸಾಫ್ಟ್‌ವೇರಿನವರು ಒಂದು ವೇರಿಯೇಬಲ್‌ಗೆ ಹೆಸರಿಡೋಕೆ ಅರ್ಧ ದಿನ ಜಗಳ ಆಡ್ತೀವಿ ಅಂತ ಮ್ಯಾನೇಜರ್‌ಗಳು ಬೈತಾರೆ. ಅವರು ಇದನ್ನ ನೋಡಬೇಕು.

ಹೆಸರಲ್ಲೇನಿದೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಹೋದ ಕೆಲವು ವರ್ಷಗಳಿಂದ ನೀವು ಯಾವ ಹೆಸರು ಹೇಳ್ತೀರಿ ಅನ್ನೋದರ ಮೇಲೆ ನೀವು ಯಾರ ಕಡೆ ಅಂತ ಜನ ನಿರ್ಧಾರ ಮಾಡ್ತಾರೆ. ವಿಮೋಚನೆ ಅಂದರೆ ಒಂದು ಪಕ್ಷ. ಏಕೀಕರಣ ಅಂದರೆ ಇನ್ನೊಂದು. ಏನೂ ಅನ್ನದಿದ್ದರೆ ದೇಶದ ಮೇಲೆ ಪ್ರೀತಿ ಕಮ್ಮಿ.

ನಮ್ಮ ಆಯಿ ತೀರಿಕೊಂಡು ನಾಲ್ಕು ವರ್ಷ ಆಯ್ತು. 1948ರಲ್ಲಿ ಅವಳಿಗೆ ಹನ್ನೆರಡು ವರ್ಷ ಇರಬಹುದು. ಅವಳ ಕಾಲದವರಿಗೆ ಹುಟ್ಟಿದ ತಾರೀಕು ಎಲ್ಲಿ ಗೊತ್ತು. ಅವಳು ಹೇಳ್ತಿದ್ದಳು, ‘ಹೊತ್ತು ಮುಳುಗಿತಂದ್ರ ಒಲಿ ಆರಸ್ತಿದ್ವಿ ನೋಡಪ್ಪ. ಹೊಗಿ ಕಂಡ್ರ ಬರ್ತಾರ ಅಂತ. ರಾತ್ರಿ ಜ್ವಾಳದ ಹೊಲದಾಗ ಮಕ್ಕೋತಿದ್ವಿ.’ ಅವಳ ಸೋದರಮಾವನನ್ನ ರಜಾಕಾರರು ಕರ್ಕೊಂಡು ಹೋದರು, ಮೂರು ದಿನ ಬಿಟ್ಟು ಬಂದ, ಅವನ ಒಂದು ಕೈ ಆಮೇಲೆ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ. ಇಂಡಿಯಾದ ಮಿಲಿಟರಿ ಬಂದಾಗ ಊರವರು ಹಣ್ಣು-ಕಾಯಿ ಹಿಡ್ಕೊಂಡು ರಸ್ತೆಗೆ ಬಂದಿದ್ದರಂತೆ. ಆ ಖುಷಿ ಸುಳ್ಳಲ್ಲ. ಯಾವ ಪಕ್ಷವೂ ಅದನ್ನ ಅವಳ ತಲೆಗೆ ತುಂಬಿರಲಿಲ್ಲ.

ನನಗೂ ಆ ಖುಷಿ ಇದೆ, ಅದನ್ನ ಹೇಳೋಕೆ ಸಂಕೋಚ ಇಲ್ಲ. ನಿಜಾಮನ ರಾಜ್ಯದಲ್ಲಿ ಆಡಳಿತ ಉರ್ದುವಿನಲ್ಲಿ, ವಿಶ್ವವಿದ್ಯಾಲಯವೂ ಉರ್ದುವಿನಲ್ಲಿ. ಕಲಬುರಗಿಯ ನೂತನ ವಿದ್ಯಾಲಯದಂಥ ಕೆಲವೇ ಕಡೆ ಜನ ಹಟ ಹಿಡಿದು ಕನ್ನಡ ಉಳಿಸಿಕೊಂಡಿದ್ದರು. ನಮ್ಮಪ್ಪ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ. ನಾನು ಎಂಟೆಕ್ ಮುಗಿಸಿದೆ. ಆ ಸೈನ್ಯ ಬರದೇ ಇದ್ದಿದ್ದರೆ ಇದು ಯಾವುದೂ ಆಗ್ತಿರಲಿಲ್ಲ.

ಈಗ ಎರಡನೇ ಕತೆ. ನನ್ನ ಒಬ್ಬ ಗೆಳೆಯ ಇದ್ದಾನೆ. ನಮ್ಮ ಪಕ್ಕದ ತಾಲೂಕಿನವನು, ಮುಸ್ಲಿಂ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಬೇರೆ ಬ್ಲಾಕಿನಲ್ಲಿ ಇರ್ತಾನೆ, ಅವನೂ ಐಟಿ. ನಾವಿಬ್ಬರೂ ಸೇರಿದರೆ ಅರ್ಧ ಕನ್ನಡ, ಅರ್ಧ ದಖ್ಖನಿ. ನಮ್ಮ ಹೆಂಡತಿಯರಿಗೆ ಎರಡೂ ಪೂರ್ತಿ ಅರ್ಥ ಆಗಲ್ಲ. ಅವನ ದಾದಿಯ ಅಪ್ಪ ಬಟ್ಟೆ ಹೊಲಿಯೋ ದರ್ಜಿ. ರಜಾಕಾರ ಅಲ್ಲ, ಯಾವ ಗುಂಪೂ ಅಲ್ಲ. ಪೊಲೀಸ್ ಆಕ್ಷನ್ ಆಗಿ ಒಂದು ವಾರಕ್ಕೆ, ಪಕ್ಕದೂರಲ್ಲಿ ಹೊಲಿಗೆ ದುಡ್ಡು ಬರಬೇಕಿತ್ತು ಅಂತ ಹೋದವನು ವಾಪಸ್ ಬರಲಿಲ್ಲ. ಹೆಣವೂ ಸಿಗಲಿಲ್ಲ. ಆ ದಾದಿಗೂ ಆಗ ಹತ್ತು-ಹನ್ನೆರಡು ವರ್ಷ. ನಮ್ಮ ಆಯಿಯ ಓರಗೆಯವರು.

ಇದು ಒಂದು ಮನೆಯ ಕತೆ ಅಲ್ಲ. ಅದೇ 1948ರಲ್ಲಿ ನೆಹರೂ ಸರ್ಕಾರವೇ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಅವರಿದ್ದ ಒಂದು ತಂಡವನ್ನ ಸಂಸ್ಥಾನಕ್ಕೆ ಕಳಿಸಿತು. ಸೈನ್ಯ ಬಂದ ಮೇಲೆ ಒಟ್ಟು 27,000ದಿಂದ 40,000 ಜನ ಸತ್ತಿದ್ದಾರೆ ಅಂತ ಅವರು ಅಂದಾಜು ಮಾಡಿದರು, ಅದೂ ಕೈ ಹಿಡಿದು ಹಾಕಿದ ಲೆಕ್ಕ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್. ಎರಡು ನಮ್ಮವು. ಸರ್ಕಾರ ಆ ವರದಿಯನ್ನ ದಶಕಗಟ್ಟಲೆ ಪ್ರಕಟ ಮಾಡಲಿಲ್ಲ. ನಮ್ಮ ಶಾಲೆಯಲ್ಲಿ ಗೋರ್ಟಾ ಬಗ್ಗೆ ಮೇಷ್ಟ್ರು ಹೇಳಿದ್ದರು, ಇದರ ಬಗ್ಗೆ ಒಂದು ಸಾಲು ಇರಲಿಲ್ಲ. ನನಗೆ ಇದು ಗೊತ್ತಾಗಿದ್ದೇ ಈ ಗೆಳೆಯನಿಂದ, ಇಪ್ಪತ್ತೊಂಬತ್ತನೇ ವಯಸ್ಸಿಗೆ.

ಇಲ್ಲಿ ಒಂದು ಮಾತು. ನಮ್ಮ ಕಡೆಯವರು ಸತ್ತಿದ್ದೆಷ್ಟು, ಅವರ ಕಡೆಯವರು ಸತ್ತಿದ್ದೆಷ್ಟು ಅಂತ ತಕ್ಕಡಿ ಹಿಡಿಯೋ ಲೆಕ್ಕ ನಾನು ಮಾಡಲ್ಲ. ಅದು ವಾಟ್ಸಾಪ್ ಗುಂಪುಗಳಿಗೆ ಇರಲಿ. ಈ ಕತೆ ಎರಡೇ ಬಣಕ್ಕೆ ಹೊಂದೋದೂ ಇಲ್ಲ. ಶೋಯೆಬುಲ್ಲಾ ಖಾನ್ ಅಂತ ಒಬ್ಬ ಪತ್ರಕರ್ತ ಇದ್ದರು, ‘ಇಮ್ರೋಜ್’ ಅನ್ನೋ ಉರ್ದು ಪತ್ರಿಕೆಯ ಸಂಪಾದಕರು. ಹೈದರಾಬಾದ್ ಭಾರತಕ್ಕೆ ಸೇರಬೇಕು ಅಂತ ಬರೆದಿದ್ದಕ್ಕೆ 1948ರ ಆಗಸ್ಟ್‌ನಲ್ಲಿ ರಜಾಕಾರರು ಅವರನ್ನ ಕಾಚಿಗುಡದಲ್ಲಿ ಕಡಿದು ಹಾಕಿದರು. ಕಾಚಿಗುಡ ಅಂದರೆ ಇವತ್ತು ನಾವು ಬೆಂಗಳೂರಿಗೆ ರೈಲು ಹತ್ತೋ ಜಾಗ. ಇನ್ನು ಯಾರ ವಿರುದ್ಧ ಇಷ್ಟೆಲ್ಲ ಆಯ್ತೋ ಆ ನಿಜಾಮನನ್ನೇ 1950ರಲ್ಲಿ ರಾಜಪ್ರಮುಖ ಮಾಡಿದರು, 1956ರವರೆಗೆ ಇದ್ದ. ತೆಲಂಗಾಣದ ರೈತರು ಜಮೀನ್ದಾರರ ವಿರುದ್ಧ ಎತ್ತಿದ ಬಂದೂಕು ಕೆಳಗಿಟ್ಟಿದ್ದು 1951ಕ್ಕೆ, ಅಂದರೆ ಮೂರು ವರ್ಷ ಅವರು ಹೋರಾಡಿದ್ದು ಸ್ವತಂತ್ರ ಭಾರತದ ಸೈನ್ಯದ ಜೊತೆ. ಇದನ್ನ ಒಂದು ಬ್ಯಾನರಿನ ಮೇಲೆ ಹೇಗೆ ಬರೀತೀರಿ?

ಬ್ಯಾನರ್ ಅಂದಿದ್ದಕ್ಕೆ ನೆನಪಾಯ್ತು. ಎರಡು ವರ್ಷದ ಹಿಂದೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸೆಪ್ಟೆಂಬರ್ 17ಕ್ಕೆ ಧ್ವಜಾರೋಹಣ ಇಡೋಣ ಅಂತಾಯ್ತು. ಬ್ಯಾನರ್ ಮೇಲೆ ಯಾವ ಹೆಸರು ಹಾಕಬೇಕು ಅಂತ ಗ್ರೂಪಿನಲ್ಲಿ ಇನ್ನೂರು ಮೆಸೇಜು. ಇಬ್ಬರು ಗ್ರೂಪ್ ಬಿಟ್ಟು ಹೋದರು. ಸೆಕ್ರೆಟರಿ, ಒಳ್ಳೇ ಮನುಷ್ಯ, ನನಗೆ ಫೋನ್ ಮಾಡಿ, ‘ನೀವು ಬೀದರ್‌ನವರಲ್ವಾ, ನಿಮ್ಮ ಅಜ್ಜಿ ಅನುಭವಿಸಿದ್ದಾರಂತಲ್ಲ, ನಾಲ್ಕು ಮಾತು ಆಡಿ’ ಅಂದರು.

ನಾನು ಗೆಳೆಯನ ಮನೆಗೆ ಹೋದೆ. ಮಾತಾಡೋದಾದರೆ ಎರಡೂ ಮನೆಯ ಕತೆ ಹೇಳ್ತೀನಿ, ಇಲ್ಲಾಂದ್ರೆ ಮಾತಾಡಲ್ಲ ಅಂದೆ. ಅವನು ಚಹಾ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, ‘ನೀ ಮಾತಾಡೋ. ನಿಮ್ಮ ಆಯಿದು ಹೇಳು. ನಮ್ಮದು ಹೇಳಬ್ಯಾಡ. ನನ್ನ ಮಗ ದಿನಾ ಅದೇ ಪಾರ್ಕಿನಾಗ ಆಡ್ತಾನ.’

ನಾನು ದೇಶಪ್ರೇಮದ ವಿಷಯದಲ್ಲಿ ಗೊಂದಲ ಅಂತ ಹೇಳೋದು ಇದಕ್ಕೆ. ದೇಶವನ್ನ ಪ್ರೀತಿ ಮಾಡಬೇಕಾ ಬೇಡವಾ ಅನ್ನೋದು ನನ್ನ ಪ್ರಶ್ನೆನೇ ಅಲ್ಲ. ಒಂದೇ ಜಿಲ್ಲೆಯ, ಒಂದೇ ತಿಂಗಳ ಎರಡು ನೆನಪಿನಲ್ಲಿ ನನ್ನದನ್ನ ಮೈಕ್ ಹಿಡಿದು ಹೇಳಬಹುದು, ಅವನದನ್ನ ಹೇಳಿದರೆ ಮಗನ ಆಟಕ್ಕೆ ತೊಂದರೆ. ಅವನು ಅಂದಿದ್ದು ತಪ್ಪು ಅಂತಲೂ ನಾನು ವಾದ ಮಾಡೋ ಹಾಗಿರಲಿಲ್ಲ. ಆ ಗ್ರೂಪಿನ ಇನ್ನೂರು ಮೆಸೇಜು ನಾನೂ ಓದಿದ್ದೆ.

ಅವತ್ತು ಬೆಳಿಗ್ಗೆ ಬಾವುಟ ಹಾರಿತು. ಬ್ಯಾನರಿನ ಮೇಲೆ ಕೊನೆಗೆ ಬರೀ ‘ಸೆಪ್ಟೆಂಬರ್ 17’ ಅಂತ ಇತ್ತು. ಗೆಳೆಯ ಬಿಳಿ ಕುರ್ತಾ ಹಾಕ್ಕೊಂಡು ಮಗನ ಜೊತೆ ಬಂದಿದ್ದ. ಜನಗಣಮನ ಎಲ್ಲರಿಗಿಂತ ನೆಟ್ಟಗೆ ಹಾಡಿದ. ಅವನು ಯಾವಾಗಲೂ ಎಲ್ಲರಿಗಿಂತ ನೆಟ್ಟಗೇ ಹಾಡಬೇಕು, ಅದೂ ನನಗೆ ಗೊತ್ತು. ನಾನು ಒಂದು ಸಾಲು ಬಿಟ್ಟು ಹಾಡಿದರೆ ಯಾರೂ ಕೇಳಲ್ಲ. ನಾನು ಆಯಿಯ ಜೋಳದ ಹೊಲದ ಕತೆ ಹೇಳಿದೆ, ಶೋಯೆಬುಲ್ಲಾ ಖಾನ್ ಕತೆ ಹೇಳಿದೆ. ಚಪ್ಪಾಳೆ ಬಿತ್ತು. ಇಳಿದು ಬಂದ ಮೇಲೆ ಒಬ್ಬ ಹಿರಿಯರು, ‘ಆ ಖಾನ್ ವಿಷಯ ಯಾಕೆ ತಂದ್ರಿ, ಒಂದು ಅಪವಾದ ಹಿಡ್ಕೊಂಡು’ ಅಂದರು. ಸಾಯಂಕಾಲ ನನ್ನ ಕಾಲೇಜಿನ ಗೆಳೆಯನೊಬ್ಬ ಫೋಟೋ ನೋಡಿ, ‘ನೀನೂ ಆ ಕಡೆ ಸೇರಿಬಿಟ್ಯಾ’ ಅಂತ ಕಳಿಸಿದ. ಒಂದೇ ದಿನ, ಎರಡೂ ಕಡೆಯಿಂದ. ಬಾವುಟದ ಕೆಳಗೆ ನಿಂತಿದ್ದಕ್ಕೆ ನಾನು ಯಾವ ಕಡೆಯವನೂ ಆಗಬೇಕಿಲ್ಲ ಅಂತ ಬರೆದೆ. ಅವನು ಒಂದು ಹೆಬ್ಬೆರಳು ಕಳಿಸಿದ. ಅದರ ಅರ್ಥ ನನಗೆ ಇನ್ನೂ ಆಗಿಲ್ಲ.

ಈ ಮಾತಿಗೆ ಗೆಳೆಯನ ಒಪ್ಪಿಗೆ ತಗೊಂಡಿದ್ದೀನಿ. ‘ಕನ್ನಡದಾಗ ಹೇಳ್ತಿ ಅಲ್ಲ, ನಮ್ಮವರಿಗೇ ಹೇಳ್ತಿ, ಹೇಳು. ಹೆಸರು ಬ್ಯಾಡ’ ಅಂದ. ನಮ್ಮವರು ಅಂದ, ನೋಡಿ.

ಸುಂದರಲಾಲ್ ವರದಿಯಲ್ಲಿ ಇನ್ನೊಂದು ವಿಷಯ ಇದೆ, ಅದನ್ನ ಯಾವ ಕಡೆಯವರೂ ಫಾರ್ವರ್ಡ್ ಮಾಡಲ್ಲ. ಎಷ್ಟೋ ಕಡೆ ಹಿಂದೂಗಳು ಪಕ್ಕದ ಮನೆಯ ಮುಸ್ಲಿಮರನ್ನ ತಮ್ಮ ಜೀವ ಒತ್ತೆ ಇಟ್ಟು ಕಾಪಾಡಿದರು. ಒಂದೇ ಕಸುಬಿನವರಲ್ಲಿ ಇದು ಹೆಚ್ಚಿತ್ತು. ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನ ಉಳಿಸೋಕೆ ಹೋಗಿ ಕೆಲವರು ಪ್ರಾಣವನ್ನೂ ಕೊಟ್ಟರು. ಈ ನೇಕಾರರ ಹೆಸರಲ್ಲಿ ನಮ್ಮ ಜಿಲ್ಲೆಯಲ್ಲಿ ಒಂದು ಕಲ್ಲು ನಾನು ಕಂಡಿಲ್ಲ. ಗೋರ್ಟಾದಲ್ಲಿ ಸ್ಮಾರಕ ಆಗಿದೆ, ಆಗಬೇಕಾಗಿತ್ತು, ಆಯ್ತು. ಇವರಿಗೂ ಒಂದು ಆಗಲಿ ಅಂತ ಕೇಳೋದು ದೇಶದ್ರೋಹ ಹೇಗಾಗುತ್ತೆ?

ನಮ್ಮ ಆಯಿಯಾಗಲಿ, ಅವನ ದಾದಿಯಾಗಲಿ ವಿಮೋಚನೆ, ಏಕೀಕರಣ ಅನ್ನೋ ಪದಗಳನ್ನ ಒಂದು ದಿನವೂ ಬಳಸಿದ್ದನ್ನ ನಾವು ಕೇಳಿಲ್ಲ. ಇಬ್ಬರೂ ಅಂತಿದ್ದಿದ್ದು ‘ಪೊಲೀಸ್ ಆಕ್ಷನ್’. ಅವರಿಗೆ ಅದು ಕ್ಯಾಲೆಂಡರ್. ಪೊಲೀಸ್ ಆಕ್ಷನ್ ಆದಾಗ ನಿಮ್ಮ ಮುತ್ಯಾನಿಗೆ ಮೀಸಿ ಬಂದಿರಲಿಲ್ಲ, ಪೊಲೀಸ್ ಆಕ್ಷನ್ ಆದ ವರ್ಷ ಆ ಬಾವಿ ತೋಡಿದ್ದು, ಹೀಗೆ.

ಆ ಕ್ಯಾಲೆಂಡರ್ ಗೊತ್ತಿದ್ದವರು ಈಗ ಊರಿಗೆ ಒಬ್ಬರೋ ಇಬ್ಬರೋ. 1948ರಲ್ಲಿ ಹತ್ತು ವರ್ಷ ಇದ್ದವರಿಗೆ ಈಗ ತುಂಬಾ ವಯಸ್ಸಾಗಿರುತ್ತೆ. ನಾನು ಮತ್ತು ಗೆಳೆಯ ಹೋದ ದೀಪಾವಳಿಯಿಂದ ಊರಿಗೆ ಹೋದಾಗಲೆಲ್ಲ ಒಟ್ಟಿಗೆ ಕಾರು ತಗೊಂಡು ಇಬ್ಬರ ಊರಿಗೂ ಹೋಗಿ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡ್ತಿದ್ದೀವಿ. ಇಲ್ಲಿಯವರೆಗೆ ಹನ್ನೊಂದು ಜನ ಆಗಿದ್ದಾರೆ, ಅವರಲ್ಲಿ ಇಬ್ಬರು ಈಗ ಇಲ್ಲ. ನಾನು ಹಿಂದೂ ಮನೆಯಲ್ಲಿ ಕೇಳಿದರೆ ಒಂದು ಉತ್ತರ, ಅವನು ಜೊತೆಗಿದ್ದರೆ ಸ್ವಲ್ಪ ಬೇರೆ ಉತ್ತರ, ಅದೂ ರೆಕಾರ್ಡ್ ಆಗ್ತಿದೆ. ಎಲ್ಲೂ ಹಾಕಿಲ್ಲ, ಹಾಕೋದು ಹೇಗೆ ಅಂತಲೂ ತೀರ್ಮಾನ ಆಗಿಲ್ಲ. ಹೈದರಾಬಾದ್, ಪುಣೆ, ಮುಂಬೈಯಲ್ಲಿರೋ ನಮ್ಮ ಆ ಕಡೆಯವರು ಯಾರಾದರೂ ಈ ದಸರಾಕ್ಕೆ ಊರಿಗೆ ಹೋಗ್ತಿದ್ದರೆ, ಮನೆಯಲ್ಲಿ ಅಷ್ಟು ವಯಸ್ಸಿನವರು ಇದ್ದರೆ, ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಕೇಳಿ. ರೆಕಾರ್ಡರ್ ಆನ್ ಮಾಡಿ ಫೋನು ಕವುಚಿ ಇಡಿ, ಹಾಗಂತ ಮೊದಲೇ ಅವರಿಗೆ ಹೇಳಿ. ಪಕ್ಕದ ಓಣಿಯಲ್ಲಿ ಇನ್ನೊಂದು ಮನೆ ಇದ್ದರೆ ಅಲ್ಲಿಗೂ ಹೋಗಿ ಬನ್ನಿ.