ಹಲ್ಲು ಕಡಿಮೆಯೇ? ಕಣ್ಣು ತೋರಿಸಿ



ಕೆಲವು ಮಕ್ಕಳಿಗೆ ಮೇಲಿನ ಮುಂದಿನ ಹಲ್ಲು ಮೂಡುವುದೇ ಇಲ್ಲ. ಮೂಡಿದ ಹಲ್ಲೂ ಸಣ್ಣ, ಮೊಳೆಯ ಹಾಗೆ. ಮೂಗಿನ ಬುಡ ಅಗಲ, ಮುಖ ಚಪ್ಪಟೆ. ಹೊಕ್ಕುಳ ಸುತ್ತ ಚರ್ಮ ಹೆಚ್ಚು. "ಗ್ರಹಣದಲ್ಲಿ ತಾಯಿ ಹೊರಗೆ ಬಂದಿದ್ದಳು" ಅಂತಾರೆ ಜನ. ಎಲ್ಲಕ್ಕೂ ತಾಯಿಯೇ ಸಿಕ್ಕಿದಳು!

ಇದು ಗ್ರಹಣದ ಕಾಟವಲ್ಲ. ಆಕ್ಸೆನ್‌ಫೆಲ್ಡ್-ರೀಗರ್ ಎಂಬ ಅಪರೂಪದ ರೋಗ ಇರಬಹುದು. ವಂಶದಲ್ಲಿ ಬರುತ್ತದೆ, ತಂದೆಯಿಂದಲೂ ಬರುತ್ತದೆ.

ನಮಗೆ ಭಯ ಹಲ್ಲಿನದಲ್ಲ, ಕಣ್ಣಿನದು. ಪಾಪೆ ಪಕ್ಕಕ್ಕೆ ಸರಿದಿರಬಹುದು. ಈ ರೋಗ ಇರುವ 100 ಜನರಲ್ಲಿ ಸುಮಾರು 50 ಜನರಿಗೆ ಕಣ್ಣಿನೊಳಗೆ ಒತ್ತಡ ಏರುತ್ತದೆ. ಅದೇ ಗ್ಲಾಕೋಮಾ. ಅನೇಕರಿಗೆ ನೋವೇ ಇಲ್ಲದೆ ನೋಟ ಹೋಗ್ತದೆ. ಹೋದದ್ದು ಮತ್ತೆ ಬಾರದು. ಮೊದಲೇ ತಿಳಿದರೆ ಹನಿ ಔಷಧಿ ಉಂಟು, ಆಪರೇಷನ್ ಉಂಟು.

ಹಲ್ಲು ಆಮೇಲೆ ಕಟ್ಟಿಸೋಣ. ಮೊದಲು ಕಣ್ಣಿನ ಒತ್ತಡ ಅಳೆಸೋಣ. ಮಗುವಿನದು, ಅಣ್ಣತಮ್ಮಂದಿರದು, ಅಕ್ಕತಂಗಿಯರದು, ಅಪ್ಪ ಅಮ್ಮನದೂ.