ನಾಲಿಗೆ ಒಪ್ಪಿದ್ದು, ನಾಡು ಒಪ್ಪಿದ್ದು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕನ್ನಡ ಸಂಘದ ವೇದಿಕೆಯಲ್ಲಿ ಚೀನೀ ಊಟದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಹುಟ್ಟಿದ ನೆಲ ಬಿಟ್ಟು ಬಂದವರು ಅಡುಗೆಯ ಬಲದಿಂದ ಬದುಕು ಕಟ್ಟಿಕೊಂಡ ಕಥೆ ಅದು; ಆದ್ದರಿಂದ ನಮ್ಮದೂ ಹೌದು.

ಅಂಜನ್ ಚಟರ್ಜಿಯವರು 1994ರಲ್ಲಿ ನಮ್ಮ ಮುಂಬಯಿಯ ಸಾಕಿನಾಕಾದಲ್ಲಿ ‘ಮೇನ್‌ಲ್ಯಾಂಡ್ ಚೈನಾ’ ರೆಸ್ಟೋರೆಂಟನ್ನು ತೆರೆದರು. ಕೇಂದ್ರ ಸರ್ಕಾರದ ಸೇವೆಗೆ ಸೇರಿ ನಾನು ಈ ನಗರಕ್ಕೆ ಬಂದದ್ದು ಅದಾದ ಎರಡು ವರ್ಷಕ್ಕೆ. ಹಿರಿಯ ಅಧಿಕಾರಿಯೊಬ್ಬರ ಬೀಳ್ಕೊಡುಗೆಗೆಂದು ಅಲ್ಲಿಗೆ ಹೋದೆವು. ಬಿಳಿಯ ಮೇಜುಬಟ್ಟೆ, ಸದ್ದಿಲ್ಲದೆ ಬಂದುಹೋಗುವ ಪರಿಚಾರಕರು, ಗರಿಗರಿಯಾಗಿ ಕರಿದ ಪಾಲಕ್ ಸೊಪ್ಪು. ಬೆಲೆಪಟ್ಟಿ ನೋಡಿದೊಡನೆ ಮನಸ್ಸು ತಿಂಗಳ ಸಂಬಳವನ್ನು ಭಾಗಿಸತೊಡಗಿತು. ಅಲ್ಲಿಯವರೆಗೆ ನನ್ನ ಪಾಲಿಗೆ ಚೀನೀ ಊಟವೆಂದರೆ ನಮ್ಮವರ ಉಡುಪಿ ಹೋಟೆಲಿನ ತಿಂಡಿಪಟ್ಟಿಯಲ್ಲಿ ಮಸಾಲೆದೋಸೆಯ ಕೆಳಗೆ ಜಾಗ ಪಡೆದಿದ್ದ ಸೆಜ್ವಾನ್ ನೂಡಲ್ಸ್ ಮಾತ್ರ.

ಮುಂದೆ ಪುಣೆಯಲ್ಲಿ, ಹೈದರಾಬಾದಿನಲ್ಲಿ, ಕೋಲ್ಕತ್ತದಲ್ಲಿ, ವರ್ಗವಾದೆಡೆಯೆಲ್ಲ ಅದರ ಶಾಖೆ ಎದುರಾಯಿತು. ಮಕ್ಕಳ ಹುಟ್ಟುಹಬ್ಬ, ನನ್ನ ಬಡ್ತಿ, ಊರಿನಿಂದ ಬಂದ ಭಾವನವರ ಸತ್ಕಾರ ಎಲ್ಲವೂ ಅಲ್ಲಿಯೇ ನಡೆದವು. 2012ರಲ್ಲಿ ಅದರ ಒಡೆತನದ ಕಂಪನಿ ಷೇರುಪೇಟೆಯನ್ನೂ ಪ್ರವೇಶಿಸಿತು. ಮಧ್ಯಮವರ್ಗದ ಕುಟುಂಬ ಸಂಕೋಚವಿಲ್ಲದೆ ಕುಳಿತು ಉಣ್ಣುವ ಘನತೆಯನ್ನು ಈ ಊಟಕ್ಕೆ ತಂದುಕೊಟ್ಟವರಲ್ಲಿ ಅವರೂ ಸೇರಿದ್ದಾರೆ.

ಆದರೆ ಆ ಫಲಕದ ಮೇಲಿನ ‘ಮೇನ್‌ಲ್ಯಾಂಡ್’ ಎಂಬ ಪದದ ಭಾರ ನನಗೆ ತಿಳಿದದ್ದು ಕೋಲ್ಕತ್ತದಲ್ಲಿ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಾಂಗ್ ಅಚ್ಯೂ ಎಂಬ ಚೀನೀಯ ಹೂಗ್ಲಿಯ ದಡದಲ್ಲಿ ಸಕ್ಕರೆ ತಯಾರಿಕೆ ಆರಂಭಿಸಿದ; ಅಚಿಪುರವೆಂಬ ಊರು ಇಂದಿಗೂ ಅವನ ಹೆಸರನ್ನು ಹೊತ್ತಿದೆ. ತಾಂಗ್ರಾದಲ್ಲಿ ಹಕ್ಕಾ ಜನ ಚರ್ಮ ಹದಮಾಡುವ ಕಾರ್ಖಾನೆಗಳನ್ನು ಕಟ್ಟಿದರು. ಅಲ್ಲಿಯೇ ಹುಟ್ಟಿ ಬೆಳೆದು, ಚೀನಾದ ನೆಲವನ್ನು ಕಣ್ಣಿಂದಲೂ ಕಾಣದವರು ಎಷ್ಟೋ ಮಂದಿ. 1962ರ ಯುದ್ಧ ಬಂದಾಗ ಅವರೆಲ್ಲ ಒಮ್ಮೆಲೇ ಶತ್ರುಗಳಾದರು. ದೇಶದ ನಾನಾ ಕಡೆಗಳಿಂದ ಸುಮಾರು 3,000 ಮಂದಿ ಚೀನೀ ಮೂಲದವರನ್ನು, ಮಕ್ಕಳು ಮುದುಕರೆನ್ನದೆ, ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. ಕೆಲವರು 1967ರವರೆಗೂ ಅಲ್ಲಿದ್ದರು. ಬಿಡುಗಡೆಯಾದ ಹಲವರು ದೇಶವನ್ನೇ ಬಿಟ್ಟರು.

ನಾನು ಸರ್ಕಾರಿ ನೌಕರ. ‘ಭದ್ರತೆಯ ದೃಷ್ಟಿಯಿಂದ’ ಎಂಬ ಎರಡು ಪದಗಳು ಕಡತದ ಮೇಲೆ ಎಷ್ಟು ಹಗುರ, ಒಂದು ಮನೆಯ ಮೇಲೆ ಎಷ್ಟು ಭಾರ ಎಂಬುದನ್ನು ಬಲ್ಲೆ.

ಉಳಿದವರು ಒಲೆ ಹಚ್ಚಿದರು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಶುಂಠಿಯನ್ನು ನಮ್ಮ ನಾಲಿಗೆಗೆಂದು ಹೆಚ್ಚಿಸಿದರು. ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಅವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಳಿಯ ಮಂಚೂರಿಯನ್ ಮಾಡಿದ್ದಾಗಿ ಹೇಳಿಕೊಂಡಿದ್ದಾರೆ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಚರ್ಮದ ಕಾರ್ಖಾನೆಗಳನ್ನು ನಗರದಿಂದಾಚೆಗೆ ಸ್ಥಳಾಂತರಿಸಲು ಆದೇಶಿಸಿದ ಮೇಲೆ ತಾಂಗ್ರಾದ ಹಲವು ಕುಟುಂಬಗಳು ಹೋಟೆಲನ್ನೇ ನೆಚ್ಚಿಕೊಂಡವು. ‘ಇದು ಅಸಲಿ ಚೀನೀ ಊಟವಲ್ಲ’ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟೆ: ಅದು ಕಲಬೆರಕೆಯಲ್ಲ, ಬಾಳುವೆ.

ಇದು ನಮಗೆ ಅಪರಿಚಿತವೇ? 1960ರ ದಶಕದ ಕೊನೆಯಲ್ಲಿ ಇದೇ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದಾಗ ಉಡುಪಿ ಹೋಟೆಲುಗಳೂ ದಾಳಿಗೆ ಗುರಿಯಾದವು. ಇಡ್ಲಿ ಬೇಕಿತ್ತು, ಇಡ್ಲಿ ಮಾಡುವವನು ಬೇಡವಾಗಿದ್ದ. ಇನ್ನು ನಮ್ಮ ಕಡೆಯ ಮಾತು. ಗೋಬಿ ಮಂಚೂರಿ ಇಂದು ಬೆಂಗಳೂರಿನ ಬೀದಿಬೀದಿಗಳಲ್ಲಿ ಕನ್ನಡದ ತಿಂಡಿಯೇ ಆಗಿದೆ. ಅದೇ ಬೆಂಗಳೂರಿನಿಂದ 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಜನರು ವದಂತಿಗೆ ಹೆದರಿ ರೈಲು ಹತ್ತಿದರು.

ಬಂಧುಗಳೆ, ನಾವು ಇಲ್ಲಿ ಅತಿಥಿಗಳು, ಅಲ್ಲಿ ಆತಿಥೇಯರು. ನಾಲಿಗೆ ಬೇಗ ಒಪ್ಪುತ್ತದೆ, ನಾಡು ತಡವಾಗಿ ಒಪ್ಪುತ್ತದೆ. ಈ ಅಂತರವನ್ನು ಕಡಿಮೆ ಮಾಡಬೇಕೆಂದು ಇಲ್ಲಿ ಹಕ್ಕಿನಿಂದ ಕೇಳುವ ನಾವು, ರಜೆಗೆ ಊರಿಗೆ ಹೋದಾಗ ಅದೇ ಮಾತನ್ನು ಅಲ್ಲಿಯೂ ಆಡಬೇಕು.