ನಾಣ್ಯಗಳು ಉಳಿಸಿದ ಪುಟ್ಟ ರಾಜ್ಯ



ನಾನು ಏಳನೇ ತರಗತಿಯಲ್ಲಿದ್ದಾಗ ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಹಳೆಯ ತಾಮ್ರದ ನಾಣ್ಯ ಸಿಕ್ಕಿತು. ಹಸಿರುಗಟ್ಟಿದ್ದ ಅದನ್ನು ಹುಣಸೆಹಣ್ಣು, ಮರಳು ಹಾಕಿ ಚೆನ್ನಾಗಿ ಉಜ್ಜಿದೆ. ನಾಣ್ಯ ಫಳಫಳ ಹೊಳೆಯಿತು, ಆದರೆ ಅದರ ಮೇಲಿದ್ದ ಅಕ್ಷರಗಳು ಅಳಿಸಿಹೋದವು. ಅದು ಯಾರ ಕಾಲದ್ದೆಂದು ಇಂದು ಯಾರೂ ಹೇಳಲಾರರು. ನಾನು ಕಳೆದದ್ದು ಏನೆಂಬುದು ಅರ್ಥವಾದದ್ದು ಶಿಕ್ಷಕನಾದ ಮೇಲೆ, ಖರಾಕೇನ್ ಎಂಬ ಪುಟ್ಟ ರಾಜ್ಯದ ಚರಿತ್ರೆ ಓದಿದಾಗ. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಇಂದಿನ ಇರಾಕಿನ ಬಸ್ರಾ ನಗರ ನಿಮಗೆ ಗೊತ್ತು. ಅದರ ಸಮೀಪದಲ್ಲಿ, ನಾವು ಉರ್ದುವಿನಲ್ಲಿ ದಜ್ಲಾ ಎನ್ನುವ ಟೈಗ್ರಿಸ್ ನದಿಯ ಬಳಿ, ಕ್ರಿ.ಪೂ. 324ರಲ್ಲಿ ಅಲೆಕ್ಸಾಂಡರ್ ಒಂದು ಊರು ಕಟ್ಟಿಸಿದ. ನೆರೆ ಬಂದು ಅದು ಹಾಳಾಯಿತು. ಸೆಲ್ಯೂಕಿಡ್ ದೊರೆ ನಾಲ್ಕನೇ ಆಂಟಿಯೋಕಸ್ ಅದನ್ನು ಮತ್ತೆ ಕಟ್ಟಿಸಿದ. ಅವನ ಅಧಿಕಾರಿ ಹಿಸ್ಪಾವೊಸಿನಿಸ್ ಎಂಬಾತ ನೀರು ತಡೆಯಲು ದೊಡ್ಡ ಒಡ್ಡು ಹಾಕಿಸಿದ. ಈ ಒಡ್ಡಿನ ಬಗ್ಗೆ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಆ ಊರೇ ಖರಾಕ್ಸ್. ಮುಂದೆ ಸೆಲ್ಯೂಕಿಡ್ ಅಧಿಕಾರ ಕುಸಿದಾಗ ಹಿಸ್ಪಾವೊಸಿನಿಸ್ ತಾನೇ ರಾಜನಾದ. ಕ್ರಿ.ಪೂ. 127ರಲ್ಲಿ ಕೆಲಕಾಲ ಬ್ಯಾಬಿಲೋನನ್ನೂ ಹಿಡಿದ. ಕ್ರಿ.ಪೂ. 124ರಲ್ಲಿ ತೀರಿಕೊಂಡ.

ಅವನು ಬೆಳ್ಳಿಯ ದೊಡ್ಡ ನಾಣ್ಯಗಳನ್ನು ಟಂಕಿಸಿದ. ಒಂದೊಂದೂ ನಾಲ್ಕು ಡ್ರಾಖ್ಮಾ, ಸುಮಾರು 16 ಗ್ರಾಂ ತೂಕ. ನಾವು ಓದುವ ‘ದಿರ್ಹಮ್’ ಎಂಬ ಶಬ್ದ ಬಂದದ್ದು ಈ ಡ್ರಾಖ್ಮಾದಿಂದಲೇ. ನಾಣ್ಯದ ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಬಂಡೆಯ ಮೇಲೆ ಗದೆ ಹಿಡಿದು ಕುಳಿತ ಗ್ರೀಕ್ ವೀರ ಹೆರಾಕ್ಲಿಸ್. ಅವನು ಸತ್ತ ಕೆಲವೇ ವರ್ಷಗಳಲ್ಲಿ ಪಾರ್ಥಿಯಾದ ಸಾಮ್ರಾಟ ಎರಡನೇ ಮಿಥ್ರದಾತನು ಆ ರಾಜ್ಯವನ್ನು ಅಧೀನಕ್ಕೆ ತಂದುಕೊಂಡ. ಇದಕ್ಕೆ ಸಾಕ್ಷಿ ಏನು ಗೊತ್ತೇ? ಹಿಸ್ಪಾವೊಸಿನಿಸನ ಕಂಚಿನ ನಾಣ್ಯಗಳ ಮೇಲೆಯೇ ಅವನು ತನ್ನ ಮುದ್ರೆ ಒತ್ತಿಸಿದ್ದಾನೆ!

ಅಲ್ಲಿಂದ ಮುಂದೆ ಖರಾಕೇನ್ ಸಾಮಂತ ರಾಜ್ಯವಾಯಿತು. ಆದರೂ ಅದರ ರಾಜರು ತಮ್ಮ ಹೆಸರಿನ ನಾಣ್ಯ ಹೊರಡಿಸುತ್ತಲೇ ಇದ್ದರು. ಕಾರಣ ಅದರ ಬಂದರು. ಇಂಡಿಯಾದ ಸರಕು ಇಲ್ಲಿಳಿದು ಸಿರಿಯಾದ ಪಾಲ್ಮೈರಾಕ್ಕೆ ಒಂಟೆಗಳ ಮೇಲೆ ಹೋಗುತ್ತಿತ್ತು. ಕ್ರಿ.ಶ. 116ರಲ್ಲಿ ರೋಮಿನ ಚಕ್ರವರ್ತಿ ಟ್ರಾಜನ್ ಇಲ್ಲಿಗೆ ಬಂದಾಗ ಇಂಡಿಯಾಕ್ಕೆ ಹೊರಟ ಹಡಗೊಂದನ್ನು ಕಂಡು, ವಯಸ್ಸಿದ್ದಿದ್ದರೆ ತಾನೂ ಹೋಗುತ್ತಿದ್ದೆ ಎಂದನಂತೆ. ಆಗಿನ ರಾಜ ಅತ್ತಂಬೇಲನು ಅವನಿಗೂ ಕಪ್ಪ ಒಪ್ಪಿಸಿ ರಾಜ್ಯ ಉಳಿಸಿಕೊಂಡ.

ಆದರೆ ನಾಣ್ಯ ಸುಳ್ಳು ಹೇಳಲಿಲ್ಲ. ಮುಖ ಅದೇ, ಹೆರಾಕ್ಲಿಸ್ ಅದೇ; ಒಳಗಿನ ಬೆಳ್ಳಿ ಮಾತ್ರ ಕಡಿಮೆಯಾಗುತ್ತಾ ಬಂದು ಕೊನೆಗೆ ಬರೀ ತಾಮ್ರವಾಯಿತು. ಗ್ರೀಕ್ ಅಕ್ಷರಗಳು ಸೊಟ್ಟಗಾದವು. ಆಮೇಲೆ ಅವುಗಳ ಜಾಗಕ್ಕೆ ಅರಮಾಯಿಕ್ ಬಂತು.

ಮೆರೆದಾತ್ ಎಂಬ ರಾಜನ ನಾಣ್ಯದ ಮೇಲೆ 454 ಎಂಬ ವರ್ಷವಿದೆ. ಅದು ಸೆಲ್ಯೂಕಿಡ್ ಶಕೆ. 312 ಕಳೆಯಿರಿ, ಕ್ರಿ.ಶ. 142 ಬರುತ್ತದೆ. 1984ರಲ್ಲಿ ಸೆಲ್ಯೂಕಿಯಾದಲ್ಲಿ ಹೆರಾಕ್ಲಿಸನ ಕಂಚಿನ ಪ್ರತಿಮೆಯೊಂದು ಸಿಕ್ಕಿತು. ಅದರ ತೊಡೆಗಳ ಮೇಲೆ ಗ್ರೀಕ್ ಮತ್ತು ಪಾರ್ಥಿಯನ್ ಭಾಷೆಗಳಲ್ಲಿ ಬರಹವಿದೆ. ಪಾರ್ಥಿಯಾದ ದೊರೆ ವೊಲೊಗೆಸಸ್ ಮೆರೆದಾತನನ್ನು ಓಡಿಸಿ, ಆ ಪ್ರತಿಮೆಯನ್ನು ಹೊತ್ತು ತಂದ ಸಂಗತಿ ಅದರಲ್ಲಿದೆ. ಅದರ ಕಾಲ ಕ್ರಿ.ಶ. 151. ನಾಣ್ಯವೂ ಪ್ರತಿಮೆಯೂ ಸೇರಿ ಒಂದು ಯುದ್ಧದ ಕಥೆಯನ್ನು ಪೂರ್ತಿ ಮಾಡಿದವು.

ಮೂರನೇ ಶತಮಾನದ ಆರಂಭದಲ್ಲಿ ಸಸಾನಿ ದೊರೆ ಅರ್ದಶೀರ್ ಈ ರಾಜ್ಯವನ್ನು ಕೊನೆಗಾಣಿಸಿದ. ಇರಾಕಿನ ಮೈಸಾನ್ ಪ್ರಾಂತ್ಯದ ಹೆಸರಿನಲ್ಲಿ ಅದರ ಹಳೆಯ ಹೆಸರು ಇನ್ನೂ ಉಳಿದಿದೆ.

ಪ್ರಿಯ ವಿದ್ಯಾರ್ಥಿಗಳೇ, ಖರಾಕೇನಿನವರು ತಾವೇ ಬರೆದ ಚರಿತ್ರೆಯ ಪುಸ್ತಕ ನಮ್ಮ ಕೈಸೇರಿಲ್ಲ. ಅಲ್ಲಿನ ಎಷ್ಟೋ ರಾಜರ ಹೆಸರು ಉಳಿದಿರುವುದು ನಾಣ್ಯಗಳಲ್ಲಿ ಮಾತ್ರ. ಯಾರಾದರೂ ಹುಣಸೆಹಣ್ಣು ಹಚ್ಚಿ ಉಜ್ಜಿದ್ದರೆ ಒಬ್ಬ ರಾಜನೇ ಚರಿತ್ರೆಯಿಂದ ಅಳಿಸಿಹೋಗುತ್ತಿದ್ದ. ಆದ್ದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಹಳೆಯ ನಾಣ್ಯವಿದ್ದರೆ ಉಜ್ಜಬೇಡಿ, ಕರಗಿಸಲು ಕೊಡಬೇಡಿ. ಒಣ ಕಾಗದದಲ್ಲಿ ಸುತ್ತಿಡಿ, ಎಲ್ಲಿಂದ ಬಂತೆಂದು ಹಿರಿಯರನ್ನು ಕೇಳಿ ಬರೆದಿಡಿ. ಹೊಲದಲ್ಲಿ ಅಗೆಯುವಾಗ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬ ಕಾನೂನಿದೆ, ಅದನ್ನು ಪಾಲಿಸಿ. ಸಿಕ್ಕ ಜಾಗ ಗೊತ್ತಿದ್ದರೇನೇ ನಾಣ್ಯ ಪೂರ್ತಿಯಾಗಿ ಮಾತನಾಡುವುದು.

ನನ್ನ ಅಜ್ಜಿಯ ನಾಣ್ಯ ಈಗಲೂ ನನ್ನ ಬಳಿ ಇದೆ. ತರಗತಿಯಲ್ಲಿ ಅದನ್ನು ಮಕ್ಕಳ ಕೈಗೆ ಕೊಟ್ಟು, ಓದಿ ಎನ್ನುತ್ತೇನೆ. ಓದಲು ಏನೂ ಇಲ್ಲ ಸಾರ್ ಎನ್ನುತ್ತಾರೆ. ಅಂದಿನ ಪಾಠ ಅಲ್ಲಿಂದಲೇ ಶುರು.